ಹಳೆ ಕಂಪನಿ, ಹೊಸ ಕಂಪನಿ: ಎರೆಸೀಮೆಗೆ ಯಾವ ಎಲೆಕ್ಟ್ರಿಕ್ ಕಾರು?

ರಜಾದಿನದ ಬೆಳಿಗ್ಗೆ ವಿಜಯಪುರದ ಗೋಳಗುಮ್ಮಟದ ಮುಂದೆ ನಿಂತರೆ ಅರ್ಧ ಮಹಾರಾಷ್ಟ್ರವೇ ಬಂದಿಳಿದಂತೆ ಕಾಣುತ್ತದೆ. ಸೋಲಾಪುರ, ಸಾಂಗ್ಲಿ, ಪುಣೆಯ ನಂಬರಿನ ಗಾಡಿಗಳು ಸಾಲುಗಟ್ಟಿರುತ್ತವೆ; ನಡುನಡುವೆ ಟಾಂಗಾ, ಆಟೊ, ಕಬ್ಬಿನ ಹಾಲಿನ ಗಾಡಿ. ಆ ಸಾಲಿಗೆ ಹಸಿರು ನಂಬರ್ ಪ್ಲೇಟಿನ ದೊಡ್ಡ ಕಾರೊಂದು ಬಂದು ನಿಂತಿತೆಂದರೆ ಸುತ್ತ ನಾಲ್ಕು ಮಂದಿ ಸೇರುವುದು ಖಾತ್ರಿ. ‘ಸಪ್ಪಳನ ಇಲ್ಲಲೋ ಇದಕ್ಕ’ ಎಂದು ಒಬ್ಬ ಬೆರಗಾಗುತ್ತಾನೆ. ‘ಎಷ್ಟ ಬಿತ್ರೀ?’ ಎಂದು ಇನ್ನೊಬ್ಬ ಕೇಳುತ್ತಾನೆ. ಮೂರನೆಯವರು ಟಿಕೋಟಾ ಕಡೆಯ ದ್ರಾಕ್ಷಿ ಬೆಳೆಗಾರರಾಗಿದ್ದರೆ ಅವರ ಪ್ರಶ್ನೆಯೇ ಬೇರೆ: ‘ಒಮ್ಮಿ ಚಾರ್ಜ್ ಮಾಡಿದ್ರ ಬೆಂಗಳೂರ ಮುಟ್ಟತೈತೇನ್ರಿ?’

ಈ ಮೂರನೆಯ ಪ್ರಶ್ನೆಯೇ ಇಂದಿನ ವಿಷಯ. ದ್ರಾಕ್ಷಿ, ಒಣದ್ರಾಕ್ಷಿ, ದಾಳಿಂಬೆ, ಕಬ್ಬು ಕೈಹಿಡಿದ ಮನೆಗಳಲ್ಲಿ ದೊಡ್ಡ ಕಾರು ಈಗ ಅಪರೂಪವಲ್ಲ. ಟಿಕೋಟಾ, ಬಬಲೇಶ್ವರದ ತೋಟದ ಮನೆಗಳ ಅಂಗಳದಲ್ಲಿ ಟ್ರ್ಯಾಕ್ಟರಿನ ಪಕ್ಕವೇ ಮೂವತ್ತು ನಲವತ್ತು ಲಕ್ಷದ ಡೀಸೆಲ್ ಗಾಡಿ ನಿಂತಿರುತ್ತದೆ. ಆ ಮನೆಯ ಎಂಜಿನಿಯರಿಂಗ್ ಓದಿದ ಮಗನೋ ಮಗಳೋ, ‘ಅಪ್ಪಾ, ಮುಂದಿನದು ಎಲೆಕ್ಟ್ರಿಕ್ ತಗೊಳೋಣು’ ಎನ್ನುತ್ತಾರೆ. ಆಗ ಎದುರಿಗೆ ಎರಡು ದಾರಿ. ಬೆಂಜ್, ಬಿಎಂಡಬ್ಲ್ಯು, ಆಡಿ, ವೋಲ್ವೊದಂಥ ಹಳೆ ಹೆಸರು ಒಂದು ಕಡೆ. ಟೆಸ್ಲಾ, ಬಿವೈಡಿಯಂಥ ಹೊಸ ಹೆಸರು ಇನ್ನೊಂದು ಕಡೆ.

ಷೋರೂಮಿನಲ್ಲಿ ಹೇಳುವುದು ಎಷ್ಟು ಸೆಕೆಂಡಿಗೆ ನೂರರ ವೇಗ, ಎಷ್ಟು ಇಂಚಿನ ಪರದೆ ಎಂಬ ಲೆಕ್ಕ. ಅದರಲ್ಲಿ ಇಬ್ಬರೂ ಗಟ್ಟಿಗರೇ. ನಮ್ಮ ಜಿಲ್ಲೆಯಲ್ಲಿ ಕಾರು ಬಾಳುವುದೋ ಇಲ್ಲವೋ ತೀರ್ಮಾನವಾಗುವುದು ಬಿಸಿಲು, ಕರೆಂಟು, ರಸ್ತೆ ಮತ್ತು ಸರ್ವಿಸ್ ಸೆಂಟರಿನ ದೂರದಿಂದ.

ಟೆಸ್ಲಾಕ್ಕಿಂತ ಮೊದಲೇ ಬೆಂಗಳೂರು

ಎಲೆಕ್ಟ್ರಿಕ್ ಕಾರಿನ ಕಥೆ ಅಮೆರಿಕದಲ್ಲೇ ಶುರುವಾಯಿತು ಎಂದುಕೊಂಡವರು ಬೆಂಗಳೂರಿನ ಬೊಮ್ಮಸಂದ್ರವನ್ನು ಮರೆತಿರುತ್ತಾರೆ. ಮೈನಿ ಬಳಗ 1994ರಲ್ಲಿ ಅಮೆರಿಕದ ಪಾಲುದಾರರೊಡನೆ ಕಟ್ಟಿದ ಕಂಪನಿ ‘ರೇವಾ’. ಚೇತನ್ ಮೈನಿ ಅದರ ರೂವಾರಿ. 2001ರಲ್ಲಿ ರಸ್ತೆಗಿಳಿದ ಆ ಎರಡು ಬಾಗಿಲಿನ ಪುಟ್ಟ ಕಾರಿಗೆ ಸೀಸದ ಬ್ಯಾಟರಿ ಇತ್ತು; ಒಮ್ಮೆ ಚಾರ್ಜ್ ಮಾಡಿದರೆ 80 ಕಿಲೋಮೀಟರ್ ಆಸುಪಾಸು ಓಡುತ್ತಿತ್ತು. ಲಂಡನ್ನಿನ ಬೀದಿಗಳಲ್ಲಿ ‘ಜಿ-ವಿಜ್’ ಎಂಬ ಹೆಸರಿನಲ್ಲಿ ಓಡಾಡಿತು. ಟೆಸ್ಲಾದ ಮೊದಲ ಕಾರು ರೋಡ್‌ಸ್ಟರ್ ಬಂದದ್ದು 2008ರಲ್ಲಿ, ಅಂದರೆ ರೇವಾ ಬಂದ ಏಳು ವರ್ಷದ ಮೇಲೆ.

ಆದರೂ ರೇವಾ ಐಷಾರಾಮಿ ಕಾರಾಗಲಿಲ್ಲ, ಟೆಸ್ಲಾ ಆಯಿತು. ಇಬ್ಬರ ಲೆಕ್ಕಾಚಾರವೇ ಬೇರೆಯಿತ್ತು. ಬ್ಯಾಟರಿ ದುಬಾರಿ, ಹಾಗಾಗಿ ಕಾರನ್ನು ಚಿಕ್ಕದು ಮಾಡೋಣ ಎಂದಿತು ರೇವಾ. ಬ್ಯಾಟರಿ ದುಬಾರಿ, ಹಾಗಾಗಿ ದುಡ್ಡಿದ್ದವರಿಗೆ ಮೊದಲು ಮಾರೋಣ, ಆ ಹಣದಲ್ಲಿ ಅಗ್ಗದ ಕಾರು ಮಾಡೋಣ ಎಂದಿತು ಟೆಸ್ಲಾ. 2003ರಲ್ಲಿ ಮಾರ್ಟಿನ್ ಎಬರ್‌ಹಾರ್ಡ್, ಮಾರ್ಕ್ ಟಾರ್ಪೆನಿಂಗ್ ಹುಟ್ಟುಹಾಕಿ, ಮುಂದೆ ಇಲಾನ್ ಮಸ್ಕ್ ಕೈಗೆ ಬಂದ ಆ ಕಂಪನಿ 2012ರಲ್ಲಿ ಮಾಡೆಲ್ ಎಸ್ ತಂದಾಗ, ಎಲೆಕ್ಟ್ರಿಕ್ ಎಂದರೆ ಬಡವರ ಆಟಿಕೆ ಎಂಬ ಮಾತು ನಿಂತುಹೋಯಿತು. ರೇವಾದ ಬಹುಪಾಲು ಷೇರನ್ನು 2010ರಲ್ಲಿ ಮಹೀಂದ್ರಾ ಕೊಂಡಿತು. ಆ ಕೊಂಡಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಟೆಸ್ಲಾ ತನ್ನ ಭಾರತೀಯ ಕಂಪನಿಯನ್ನು ನೋಂದಾಯಿಸಿದ್ದು ಕೂಡ ಬೆಂಗಳೂರಿನಲ್ಲೇ, 2021ರ ಜನವರಿಯಲ್ಲಿ. ಕಾರ್ಖಾನೆ ಇಲ್ಲಿಗೇ ಬಂತು ಎಂದು ಆಗ ನಾವೆಲ್ಲ ಹಿಗ್ಗಿದೆವು. ಕಾರ್ಖಾನೆ ಬರಲಿಲ್ಲ. ಮೊದಲ ಮಳಿಗೆ ತೆರೆದದ್ದು ಮುಂಬೈಯ ಬಾಂದ್ರಾ-ಕುರ್ಲಾ ಸಂಕೀರ್ಣದಲ್ಲಿ, 2025ರ ಜುಲೈ 15ರಂದು. ಪೂರ್ತಿ ಆಮದಾದ ಮಾಡೆಲ್ ವೈ ಕಾರಿನ ಆಗಿನ ಆರಂಭಿಕ ಬೆಲೆ 59.89 ಲಕ್ಷ ರೂಪಾಯಿ.

ಯಾರು ಹಳಬರು, ಯಾರು ಹೊಸಬರು?

ಹಳಬರೆಂದರೆ ಎಂಜಿನ್ ಮಾಡಿ ಹೆಸರು ಗಳಿಸಿದವರು. ಮರ್ಸಿಡಿಸ್-ಬೆಂಜ್ ನಮ್ಮ ದೇಶಕ್ಕೆ ಬಂದು ಮೂವತ್ತು ವರ್ಷ ದಾಟಿದೆ. ಪುಣೆ ಬಳಿಯ ಚಾಕಣದಲ್ಲಿ ಅದರ ಕಾರ್ಖಾನೆ. ಬಿಎಂಡಬ್ಲ್ಯು 2007ರಿಂದ ಚೆನ್ನೈಯಲ್ಲಿ ಕಾರು ಜೋಡಿಸುತ್ತಿದೆ. ವೋಲ್ವೊ ನಮ್ಮ ಹೊಸಕೋಟೆಯಲ್ಲೇ ಇದೆ, 2022ರಲ್ಲಿ 55.90 ಲಕ್ಷ ರೂಪಾಯಿಗೆ ಬಂದ ಎಕ್ಸ್‌ಸಿ40 ರೀಚಾರ್ಜ್ ಅಲ್ಲೇ ಜೋಡಣೆಯಾದ ಎಲೆಕ್ಟ್ರಿಕ್ ಕಾರು. ಬೆಂಜ್‌ನ ಸಂಶೋಧನಾ ಕೇಂದ್ರ 1996ರಿಂದ ಬೆಂಗಳೂರಿನಲ್ಲಿದೆ. ಜರ್ಮನಿಯ ನಕ್ಷತ್ರ ಹೊತ್ತ ಕಾರಿನೊಳಗಿನ ಲೆಕ್ಕಾಚಾರದಲ್ಲಿ ಕನ್ನಡದ ಹುಡುಗ ಹುಡುಗಿಯರ ಪಾಲೂ ಇದೆ ಎಂದರೆ ಉತ್ಪ್ರೇಕ್ಷೆಯಲ್ಲ.

ಹೊಸಬರೆಂದರೆ ಬ್ಯಾಟರಿ ಇಲ್ಲವೇ ಕಂಪ್ಯೂಟರ್ ಕಡೆಯಿಂದ ಕಾರಿಗೆ ಬಂದವರು. ಚೀನಾದ ಬಿವೈಡಿ 1995ರಲ್ಲಿ ಹುಟ್ಟಿದ್ದು ಬ್ಯಾಟರಿ ಕಂಪನಿಯಾಗಿ. ಕಾರಿಗೆ ಕೈಹಾಕಿದ್ದು 2003ರಲ್ಲಿ. 2025ರಲ್ಲಿ ಪೂರ್ತಿ ಎಲೆಕ್ಟ್ರಿಕ್ ಕಾರುಗಳ ಮಾರಾಟದಲ್ಲಿ ಅದು ಟೆಸ್ಲಾವನ್ನೇ ಹಿಂದೆ ಹಾಕಿತು. ಅಮೆರಿಕದ ಲೂಸಿಡ್, ರಿವಿಯನ್ ನಮ್ಮ ಮಾರುಕಟ್ಟೆಗೆ ಇನ್ನೂ ಬಂದಿಲ್ಲ. ವಿಯೆಟ್ನಾಮಿನ ವಿನ್‌ಫಾಸ್ಟ್ ತೂತ್ತುಕುಡಿಯಲ್ಲಿ ಕಾರ್ಖಾನೆ ಹಾಕಿ 2025ರಲ್ಲಿ ಮಾರಾಟ ಶುರು ಮಾಡಿದೆ.

ಆದರೆ ಈ ಗೆರೆ ಅಷ್ಟು ನೇರವಾಗಿಲ್ಲ. ಬೆಂಜ್‌ನ ಮಾತೃಸಂಸ್ಥೆ ಡೈಮ್ಲರ್ 2009ರಲ್ಲಿ ಟೆಸ್ಲಾದ ಸುಮಾರು ಶೇ 10ರಷ್ಟು ಪಾಲನ್ನು 5 ಕೋಟಿ ಡಾಲರಿಗೆ ಕೊಂಡು, ಮುಳುಗುತ್ತಿದ್ದ ಆ ಕಂಪನಿಗೆ ಉಸಿರು ಕೊಟ್ಟಿತ್ತು. 2014ರಲ್ಲಿ ಮಾರಿ ಹೊರಬಂತು. ವೋಲ್ವೊದ ಹೆಸರು ಸ್ವೀಡನ್ನಿನದು, 1927ರದು. ಒಡೆತನ 2010ರಿಂದ ಚೀನಾದ ಜೀಲಿಯದು. ಆಡಿ, ಪೋರ್ಶೆಗಳ ಒಡೆಯ ಫೋಕ್ಸ್‌ವ್ಯಾಗನ್ ತನ್ನದೇ ಸಾಫ್ಟ್‌ವೇರ್ ಘಟಕ ಕಟ್ಟಿ ಎಡವಿತು; ಪೋರ್ಶೆಯ ಎಲೆಕ್ಟ್ರಿಕ್ ಮಕಾನ್ ಬರುವುದು ಅದೇ ಕಾರಣಕ್ಕೆ ತಡವಾಯಿತು. ಕೊನೆಗೆ 2024ರಲ್ಲಿ ರಿವಿಯನ್ ಜತೆ ಪಾಲುದಾರಿಕೆಗೆ ಇಳಿದು 500 ಕೋಟಿ ಡಾಲರ್‌ಗೂ ಹೆಚ್ಚು ಹೂಡಲು ಒಪ್ಪಿತು. ಕಾರು ಮಾಡುವುದನ್ನು ಕಲಿಯಲು ಹೊಸಬರಿಗೆ ಹಳಬರು ಬೇಕಾದರು. ಕಾರಿಗೆ ಬುದ್ಧಿ ತುಂಬಲು ಹಳಬರಿಗೆ ಹೊಸಬರು ಬೇಕಾದರು.

ಬಿಸಿಲೆಂಬ ಪರೀಕ್ಷಕ

ಏಪ್ರಿಲ್, ಮೇ ತಿಂಗಳಲ್ಲಿ ವಿಜಯಪುರದ ಉಷ್ಣಾಂಶ 40 ಡಿಗ್ರಿ ದಾಟುವುದು ಪ್ರತಿವರ್ಷದ ಮಾತು. ಆ ಹೊತ್ತಿನಲ್ಲಿ ಡಾಂಬರಿನ ಮೇಲೆ ನಿಂತ ಕಾರಿನ ತಳ ಕಾದ ಹಂಚು. ಎಲೆಕ್ಟ್ರಿಕ್ ಕಾರಿನ ಅತಿ ದುಬಾರಿ ಭಾಗವಾದ ಬ್ಯಾಟರಿ ಇರುವುದು ಆ ತಳದಲ್ಲೇ.

ಲಿಥಿಯಂ ಬ್ಯಾಟರಿಗೆ ಮನುಷ್ಯರಿಗೆ ಹಿತವಾದ ಹವೆಯೇ ಹಿತ. ಸುಡುವ ಬಿಸಿಯಲ್ಲಿ ವರ್ಷಗಟ್ಟಲೆ ಇದ್ದರೆ ಅದರ ಧಾರಣಶಕ್ತಿ ಬೇಗ ಕುಗ್ಗುತ್ತದೆ. ಇದನ್ನು ಜಗತ್ತು ಕಲಿತದ್ದು ಒಂದು ಹಳೆ ಕಂಪನಿಯ ಕಾರಿನಿಂದ. ಜಪಾನಿನ ನಿಸಾನ್ 2010ರ ಕೊನೆಗೆ ‘ಲೀಫ್’ ತಂದಾಗ ಬ್ಯಾಟರಿಯನ್ನು ತಂಪಾಗಿಡಲು ದ್ರವದ ವ್ಯವಸ್ಥೆ ಇಟ್ಟಿರಲಿಲ್ಲ, ಗಾಳಿಗೇ ಬಿಟ್ಟಿತ್ತು. ಅಮೆರಿಕದ ಅರಿಜೋನಾ ಮರುಭೂಮಿಯಲ್ಲಿ ಅದನ್ನು ಕೊಂಡವರು 2012ರ ಹೊತ್ತಿಗೇ ಬ್ಯಾಟರಿ ಕುಗ್ಗಿತೆಂದು ದೂರತೊಡಗಿದರು. ಅತ್ತ ಹೊಸ ಕಂಪನಿ ಟೆಸ್ಲಾ ಮೊದಲ ಕಾರಿನಿಂದಲೇ ಬ್ಯಾಟರಿಯ ಕೋಶಗಳ ನಡುವೆ ತಂಪು ದ್ರವ ಹರಿಸಿತ್ತು. ನೂರು ವರ್ಷದ ಅನುಭವ ಎಂಬುದು ಎಂಜಿನ್ನಿಗೆ ಹೇಳುವ ಮಾತು. ಬ್ಯಾಟರಿಯ ವಿಷಯದಲ್ಲಿ ಎಲ್ಲರೂ ಒಂದೇ ತರಗತಿಯಲ್ಲಿ ಕೂತಿದ್ದರು.

ಈಗ ಈ ದರ್ಜೆಯ ಎಲ್ಲ ಕಾರುಗಳಲ್ಲೂ ದ್ರವದ ತಂಪು ಇದೆ. ಹಾಗಾಗಿ ನೋಡಬೇಕಾದದ್ದು ಬ್ಯಾಟರಿಯ ಜಾತಿ. ನಿಕ್ಕಲ್, ಮ್ಯಾಂಗನೀಸ್, ಕೋಬಾಲ್ಟ್ ಬೆರೆತ ಬ್ಯಾಟರಿ ಹಗುರ. ಕಡಿಮೆ ತೂಕದಲ್ಲಿ ಹೆಚ್ಚು ದೂರ ಓಡಿಸುತ್ತದೆ. ಬೆಂಜ್, ಬಿಎಂಡಬ್ಲ್ಯು ತಮ್ಮ ದೊಡ್ಡ ಕಾರುಗಳಿಗೆ ಬಳಸುವುದು ಇದನ್ನೇ. ಕಬ್ಬಿಣ ಮತ್ತು ಫಾಸ್ಫೇಟಿನ ಬ್ಯಾಟರಿ ತುಸು ಭಾರ, ಆದರೆ ಬಿಸಿ ತಡೆಯುವ ತಾಕತ್ತು ಹೆಚ್ಚು, ಸುಲಭಕ್ಕೆ ಬೆಂಕಿ ಹೊತ್ತುವುದಿಲ್ಲ, ಪದೇ ಪದೇ ಪೂರ್ತಿ ತುಂಬಿದರೂ ಬಾಳಿಕೆ ಬರುತ್ತದೆ. ಬಿವೈಡಿ 2020ರಲ್ಲಿ ‘ಬ್ಲೇಡ್’ ಹೆಸರಿನಲ್ಲಿ ತಂದದ್ದು ಈ ಬಗೆ. ಟೆಸ್ಲಾ ಮಾಡೆಲ್ ವೈಯ ಆರಂಭಿಕ ಆವೃತ್ತಿಯಲ್ಲೂ ಇದೇ ಬಗೆ. ನಮ್ಮ ಬಿಸಿಲಿಗೆ ಈ ಎರಡನೆಯದೇ ಒಗ್ಗುತ್ತದೆ ಎಂಬುದು ನನ್ನ ನಿಲುವು. ಬ್ಯಾಟರಿಯ ಮಟ್ಟಿಗೆ ಹೊಸಬರ ಕೈ ಮೇಲು.

ತೋಟದ ಮನೆಯ ಕರೆಂಟು

ಬ್ಯಾಟರಿಯ ಅಳತೆಯನ್ನು ಕಿಲೋವ್ಯಾಟ್-ಅವರ್ ಎಂದು ಬರೆದಿರುತ್ತಾರೆ. ಗಾಬರಿ ಬೇಡ, ಅದು ಹೆಸ್ಕಾಂ ಬಿಲ್ಲಿನಲ್ಲಿರುವ ಯೂನಿಟ್ಟೇ. 75ರ ಬ್ಯಾಟರಿ ಎಂದರೆ ತುಂಬಲು 75 ಯೂನಿಟ್ ಬೇಕು. ನಡುವೆ ಸೋರಿಹೋಗುವುದೂ ಸೇರಿದರೆ 80ರ ಮೇಲೆ.

ಮನೆಯ 15 ಆಂಪಿಯರ್ ಸಾಕೆಟ್ಟಿಗೆ ಸಿಕ್ಕಿಸಿದರೆ ಗಂಟೆಗೆ ಮೂರು ಯೂನಿಟ್ ಇಳಿಯುತ್ತದೆ. ಅಂದರೆ ಪೂರ್ತಿ ಒಂದು ಹಗಲು ಒಂದು ರಾತ್ರಿ ಕಾರು ನಿಂತೇ ಇರಬೇಕು. ಕಂಪನಿಯವರು ಗೋಡೆಗೆ ಹಾಕಿಕೊಡುವ ಚಾರ್ಜರ್ ಸಿಂಗಲ್ ಫೇಸಿನಲ್ಲಿ ಗಂಟೆಗೆ ಏಳು ಯೂನಿಟ್ಟಿನಷ್ಟು, ತ್ರೀಫೇಸಿನಲ್ಲಿ ಹನ್ನೊಂದು ಯೂನಿಟ್ ಕೊಡುತ್ತದೆ. ವಿಜಯಪುರ ನಗರದ ಮನೆಗಾದರೆ ತ್ರೀಫೇಸ್ ಪಡೆಯುವುದು ಅರ್ಜಿ, ಶುಲ್ಕದ ಮಾತು. ಟಿಕೋಟಾ, ಬಬಲೇಶ್ವರದ ತೋಟದ ಮನೆಯ ಕಥೆ ಹಾಗಲ್ಲ.

ತೋಟಕ್ಕೆ ತ್ರೀಫೇಸ್ ಬರುವುದು ಪಂಪ್‌ಸೆಟ್ಟಿಗಾಗಿ, ಅದೂ ದಿನಕ್ಕೆ ಏಳು ಗಂಟೆ, ಒಮ್ಮೊಮ್ಮೆ ಪಾಳಿಯಲ್ಲಿ. 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಸರಕಾರ ಉಚಿತವಾಗಿ ಕೊಡುವ ಆ ಕರೆಂಟನ್ನು ಕಾರಿಗೆ ಹಚ್ಚುವಂತಿಲ್ಲ. ಹಚ್ಚಿದರೆ ದಂಡದ ಬಾಬತ್ತು. ಮನೆ ಬಳಕೆಗೆ ಬೇರೆ ಸಂಪರ್ಕ, ಬೇರೆ ಮೀಟರ್ ಇರಬೇಕು. ಬಬಲೇಶ್ವರ ಕಡೆ ಮುಳವಾಡ ಏತ ನೀರಾವರಿಯ ನೀರು ಬಂದು ತೋಟಗಳು ಹೆಚ್ಚಿದ ಮೇಲೆ ಸಂಜೆ ವೋಲ್ಟೇಜ್ ಇಳಿಯುವುದು ರೈತರಿಗೆ ಗೊತ್ತಿದ್ದದ್ದೇ. ವೋಲ್ಟೇಜ್ ತೀರ ಇಳಿದರೆ ಕಾರಿನ ಚಾರ್ಜರ್ ತಾನಾಗಿ ನಿಂತುಬಿಡುತ್ತದೆ.

ಇನ್ನೊಂದು ಸಂಗತಿಯನ್ನು ಹತ್ತಿರದಿಂದ ನೋಡಬೇಕು. ಗೋಡೆಯ ಚಾರ್ಜರಿನಲ್ಲಿ ಹಸಿರು ದೀಪದ ಬದಲು ಕೆಂಪು ಮಿಣುಕಿದಾಗ ಜನ ಮೊದಲು ಬೈಯುವುದು ಕಾರಿಗೆ. ಅನೇಕ ಸಲ ತಪ್ಪು ಇರುವುದು ಅರ್ಥಿಂಗ್‌ನಲ್ಲಿ. ಎಲೆಕ್ಟ್ರಿಕ್ ಕಾರು ಚಾರ್ಜಿಗೆ ಕೂರುವ ಮೊದಲು ಅರ್ಥಿಂಗ್ ಸರಿಯಿದೆಯೇ ಎಂದು ತಾನೇ ಪರೀಕ್ಷಿಸುತ್ತದೆ. ಸರಿಯಿಲ್ಲದಿದ್ದರೆ ಕರೆಂಟನ್ನು ಮುಟ್ಟುವುದೇ ಇಲ್ಲ. ನಮ್ಮ ಎರೆಮಣ್ಣು ಮಳೆಗಾಲದಲ್ಲಿ ಒದ್ದೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು. ಬಿರಿದ ಮಣ್ಣು ಅರ್ಥಿಂಗ್ ಸಲಾಕೆಯನ್ನು ಬಿಟ್ಟು ದೂರ ಸರಿಯುತ್ತದೆ. ಜುಲೈಯಲ್ಲಿ ಸರಾಗ ಚಾರ್ಜ್ ಆದ ಕಾರು ಏಪ್ರಿಲ್‌ನಲ್ಲಿ ಮುನಿಸಿಕೊಳ್ಳುವ ಗುಟ್ಟು ಇದು. ಆಳದ ಗುಂಡಿ ತೋಡಿ, ಇದ್ದಿಲು ಉಪ್ಪು ತುಂಬಿ, ಮೇಲೆ ಕೊಳವೆ ಬಿಟ್ಟು ಬೇಸಿಗೆಯಲ್ಲಿ ಆಗಾಗ ಒಂದು ಕೊಡ ನೀರು ಹೊಯ್ಯುವುದು ಹಳೆಯ ವೈರ್‌ಮನ್‌ಗಳೆಲ್ಲ ಬಲ್ಲ ಉಪಾಯ. ಒಂದೂವರೆ ಕೋಟಿಯ ಕಾರಿಗೂ ಆ ಕೊಡ ನೀರು ಬೇಕು.

ಈ ಕರೆಂಟು ಬರುವುದೆಲ್ಲಿಂದ ಎಂಬುದನ್ನೂ ಮುಚ್ಚಿಡಬಾರದು. ನಮ್ಮ ಜಿಲ್ಲೆಯ ಕೂಡಗಿಯಲ್ಲೇ ಎನ್‌ಟಿಪಿಸಿಯ 2,400 ಮೆಗಾವ್ಯಾಟ್ ಕಲ್ಲಿದ್ದಲು ಸ್ಥಾವರವಿದೆ. ಆಲಮಟ್ಟಿಯ ಜಲವಿದ್ಯುತ್ 290 ಮೆಗಾವ್ಯಾಟ್, ಜತೆಗೆ ಗಾಳಿಯಂತ್ರಗಳು. ಕಾರಿಗೆ ಹೊಗೆಕೊಳವೆ ಇಲ್ಲ ನಿಜ, ಕೂಡಗಿಗೆ ಇದೆ. ತೋಟದ ಮನೆಯ ಮಾಳಿಗೆಗೆ ಸೋಲಾರ್ ಫಲಕ ಹಾಕಿಸಿ ಹಗಲು ಚಾರ್ಜ್ ಮಾಡುವವರಿಗೆ ಮಾತ್ರ ಈ ಬಿಸಿಲು ಶತ್ರುವಿನ ಬದಲು ಮಿತ್ರ.

ಬೆಂಗಳೂರು ಮುಟ್ಟತೈತೇನ್ರಿ?

ಜಾಹೀರಾತಿನ ಕಿಲೋಮೀಟರನ್ನು ನಂಬಿ ಹೊರಟರೆ ದಾರಿಯಲ್ಲಿ ಕೂರಬೇಕಾದೀತು. ಒಂದು ಉದಾಹರಣೆ ಸಾಕು. 2022ರ ಸೆಪ್ಟೆಂಬರ್ ಕೊನೆಗೆ ಚಾಕಣದಲ್ಲಿ ಜೋಡಣೆಯಾಗಿ ಬಂದ ಬೆಂಜ್ ಇಕ್ಯೂಎಸ್ 580ಕ್ಕೆ ಭಾರತದ ಪರೀಕ್ಷೆಯಲ್ಲಿ ಸಿಕ್ಕ ಅಂಕ 857 ಕಿಲೋಮೀಟರ್. ಅದೇ ಹೆಸರಿನ ಕಾರಿಗೆ ಅಮೆರಿಕದ ಕಠಿಣ ಪರೀಕ್ಷೆ ಕೊಟ್ಟದ್ದು 340 ಮೈಲಿ, ಅಂದರೆ ಸುಮಾರು 547 ಕಿಲೋಮೀಟರ್. ನಮ್ಮ ಪರೀಕ್ಷೆ ನಡೆಯುವುದು ಪ್ರಯೋಗಾಲಯದಲ್ಲಿ, ನಿಧಾನ ವೇಗದಲ್ಲಿ. ಹೆದ್ದಾರಿಯಲ್ಲಿ ನೂರರ ವೇಗ, ಒಳಗೆ ಏಸಿ, ಐದು ಜನ, ಡಿಕ್ಕಿಯಲ್ಲಿ ಒಣದ್ರಾಕ್ಷಿ ಡಬ್ಬಿ. ಹೇಳಿದ್ದರಲ್ಲಿ ಮೂರನೇ ಒಂದು ಭಾಗ ಕಳೆದು ಲೆಕ್ಕ ಹಾಕುವುದು ಕ್ಷೇಮ.

ವಿಜಯಪುರದಿಂದ ಬೆಂಗಳೂರಿಗೆ 520 ಕಿಲೋಮೀಟರಿಗಿಂತ ತುಸು ಹೆಚ್ಚು. ರಾಷ್ಟ್ರೀಯ ಹೆದ್ದಾರಿ 50ರಲ್ಲಿ ನಿಡಗುಂದಿ, ಇಳಕಲ್, ಕುಷ್ಟಗಿ, ಹೊಸಪೇಟೆ ದಾಟಿ ಚಿತ್ರದುರ್ಗ. ಅಲ್ಲಿಂದ 48ರಲ್ಲಿ ತುಮಕೂರು, ಬೆಂಗಳೂರು. 75 ಯೂನಿಟ್ ಬ್ಯಾಟರಿಯ ಕಾರು ನೂರು ಕಿಲೋಮೀಟರಿಗೆ 18 ಯೂನಿಟ್ ತಿಂದರೆ ಪೂರ್ತಿ ಓಟ 400ರ ಆಸುಪಾಸು. ಬೆಂಗಳೂರು ಮುಟ್ಟದು. ಚಿತ್ರದುರ್ಗ ಸುಮಾರು 325 ಕಿಲೋಮೀಟರಿನಲ್ಲಿ ಸಿಗುತ್ತದೆ. ಅಲ್ಲಿ ಊಟದ ಹೊತ್ತಿಗೆ ಅರ್ಧಮುಕ್ಕಾಲು ಗಂಟೆ ಚಾರ್ಜ್ ಮಾಡಿದರೆ ಉಳಿದ 200 ಸಲೀಸು. ಪುಣೆಯ ದಾರಿ ಇನ್ನೂ ಸುಲಭ: ಸೋಲಾಪುರಕ್ಕೆ ನೂರು, ಅಲ್ಲಿಂದ ಇನ್ನೂರೈವತ್ತು.

ಹೆದ್ದಾರಿಯ ಚಾರ್ಜಿಂಗ್ ಎಷ್ಟು ಬೇಗ ಮುಗಿಯುತ್ತದೆ ಎಂಬುದು ಕಾರಿನ ವೋಲ್ಟೇಜಿನ ಮೇಲೂ ನಿಂತಿದೆ. ದ್ರಾಕ್ಷಿ ತೋಟದವರಿಗೆ ಇದು ಥಟ್ಟನೆ ತಿಳಿಯುತ್ತದೆ: ಡ್ರಿಪ್ಪಿನ ಪೈಪು ಅದೇ ಗಾತ್ರದ್ದಿದ್ದರೂ ಒತ್ತಡ ಇಮ್ಮಡಿಯಾದರೆ ಹೆಚ್ಚು ನೀರು ಹರಿಯುವಂತೆ, 400 ವೋಲ್ಟಿನ ಬದಲು 800 ವೋಲ್ಟಿನ ಕಾರು ತಂತಿಯನ್ನು ಅಷ್ಟು ಬಿಸಿ ಮಾಡದೆ ಬೇಗ ತುಂಬಿಕೊಳ್ಳುತ್ತದೆ. 2019ರಲ್ಲಿ ಇದನ್ನು ದೊಡ್ಡ ಪ್ರಮಾಣದಲ್ಲಿ ಕಾರಿಗೆ ತಂದದ್ದು ಹಳೆ ಕಂಪನಿ ಪೋರ್ಶೆ, ತನ್ನ ಟೈಕಾನ್‌ನಲ್ಲಿ. ಕೊರಿಯಾದ ಕಿಯಾ ಇವಿ6 ಅದನ್ನು ಅರ್ಧಕ್ಕಿಂತ ಕಡಿಮೆ ಬೆಲೆಗೆ ಇಳಿಸಿತು. ಟೆಸ್ಲಾ ಮಾಡೆಲ್ ವೈ ಇನ್ನೂ 400ರಲ್ಲೇ ಇದೆ. ಆದರೆ 800 ವೋಲ್ಟಿನ ಲಾಭ ಸಿಗಬೇಕಾದರೆ ಅಷ್ಟು ತಾಕತ್ತಿನ ಚಾರ್ಜರ್ ಹೆದ್ದಾರಿಯಲ್ಲಿರಬೇಕು. ಕರ್ನಾಟಕದಲ್ಲಿ ಐದು ಸಾವಿರಕ್ಕೂ ಹೆಚ್ಚು ಸಾರ್ವಜನಿಕ ಚಾರ್ಜಿಂಗ್ ಕೇಂದ್ರಗಳಿವೆ ಎನ್ನುವಾಗ, ಅವುಗಳಲ್ಲಿ ಬಹುಪಾಲು ಬೆಂಗಳೂರು ನಗರದಲ್ಲೇ ಇವೆ ಎಂಬುದನ್ನೂ ಸೇರಿಸಿ ಹೇಳಬೇಕು. ಎಲೆಕ್ಟ್ರಿಕ್ ವಾಹನ ನೀತಿಯನ್ನು 2017ರಲ್ಲೇ ಹೊರತಂದ ಮೊದಲ ರಾಜ್ಯ ನಮ್ಮದು. 2023ರಲ್ಲಿ ಬೃಹತ್ ಮತ್ತು ಮಧ್ಯಮ ಕೈಗಾರಿಕೆ ಖಾತೆ ವಹಿಸಿಕೊಂಡ ಎಂ.ಬಿ. ಪಾಟೀಲರು ಬಬಲೇಶ್ವರದ ಶಾಸಕರು. ಹೊಸಪೇಟೆಯಿಂದ ವಿಜಯಪುರದವರೆಗಿನ ಹೆದ್ದಾರಿಯಲ್ಲಿ ನಂಬಬಹುದಾದ ವೇಗದ ಚಾರ್ಜರ್‌ಗಳ ಸಾಲು ಬೇಕೆಂದು ಈ ಭಾಗದ ಜನ ಅವರನ್ನು ಗಟ್ಟಿಯಾಗಿ ಕೇಳಬೇಕು.

ಖರ್ಚಿನ ಮಾತು ಚಿಕ್ಕದು. ಮನೆಯಲ್ಲಿ ಯೂನಿಟ್ಟಿಗೆ ಸುಮಾರು ಆರು ರೂಪಾಯಿ ಹಿಡಿದರೆ ನೂರು ಕಿಲೋಮೀಟರಿಗೆ 110 ರೂಪಾಯಿ ಆಸುಪಾಸು. ಹೆದ್ದಾರಿಯ ಚಾರ್ಜರಿನಲ್ಲಿ ಯೂನಿಟ್ಟಿಗೆ 20 ರೂಪಾಯಿ ಆಸುಪಾಸು. ಅದೇ ದೂರಕ್ಕೆ 360. ದೊಡ್ಡ ಡೀಸೆಲ್ ಗಾಡಿಗೆ ಇದರ ಇಮ್ಮಡಿ.

ಎರೆಭೂಮಿಯ ರಸ್ತೆ, ಎರಡೂವರೆ ಟನ್ನಿನ ಕಾರು

ಎರೆಮಣ್ಣಿನ ಮೇಲೆ ಹಾಕಿದ ರಸ್ತೆ ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಸಿಯುತ್ತದೆ. ಡೋಣಿ ನದಿ ಸಾಲಿನ ಹಳ್ಳಿಗಳಿಗೆ ಹೋಗುವ ರಸ್ತೆಯಲ್ಲಿ ಗುಂಡಿಯೇ ಇಲ್ಲದೆಯೂ ಕಾರು ದೋಣಿಯಲ್ಲಿ ಕೂತಂತೆ ಓಲಾಡುವುದು ಇದಕ್ಕೇ. ಜತೆಗೆ ಊರಿಗೊಂದಿಷ್ಟು ಹಂಪ್. ಬ್ಯಾಟರಿ ತಳದಲ್ಲಿರುವುದರಿಂದ ತಳಕ್ಕೆ ಹೊಡೆತ ಬಿದ್ದರೆ ನಷ್ಟ ಲಕ್ಷಗಳಲ್ಲಿ.

ಇಲ್ಲಿ ಹಳಬರ ಅನುಭವ ಬೆಲೆ ಬಾಳುತ್ತದೆ. ಇಕ್ಯೂಎಸ್‌ನ ತೂಕ ಎರಡೂವರೆ ಟನ್ನಿಗೂ ಹೆಚ್ಚು, ಬಿಎಂಡಬ್ಲ್ಯು ಐ7 ಅದಕ್ಕಿಂತ ಭಾರ. ಅಷ್ಟು ತೂಕವನ್ನು ಗಾಳಿಬುಗ್ಗೆಗಳ ಮೇಲೆ ಹೊತ್ತು, ಹಂಪ್ ಬಂದಾಗ ಕಾರನ್ನೇ ಮೇಲೆತ್ತಿ, ಒಳಗೆ ಕೂತ ಅಜ್ಜಿಯ ಸೊಂಟಕ್ಕೆ ತಿಳಿಯದಂತೆ ದಾಟಿಸುವುದು ಒಂದೆರಡು ವರ್ಷದಲ್ಲಿ ಬರುವ ವಿದ್ಯೆಯಲ್ಲ. ಬಾಗಿಲು ಮುಚ್ಚುವ ಸದ್ದು, ಆಸನದ ಹೊಲಿಗೆ, ಗಾಳಿ ಒಳನುಗ್ಗದ ರಬ್ಬರು ಎಲ್ಲದರಲ್ಲೂ ಜರ್ಮನ್ನರು ಈಗಲೂ ಮುಂದಿದ್ದಾರೆ. ಟೆಸ್ಲಾದ ಶಕ್ತಿ ಬೇರೆ ಕಡೆ: ಕಡಿಮೆ ಯೂನಿಟ್ಟಿನಲ್ಲಿ ಹೆಚ್ಚು ದೂರ, ಮೊಬೈಲಿನಂತೆ ರಾತ್ರೋರಾತ್ರಿ ಹೊಸ ಗುಣ ಕಲಿಯುವ ಸಾಫ್ಟ್‌ವೇರ್. ಆದರೆ ಏಸಿಯ ಗಾಳಿಯ ದಿಕ್ಕು ಬದಲಿಸಲೂ ಪರದೆ ಮುಟ್ಟಬೇಕು. ಕುಲುಕುವ ರಸ್ತೆಯಲ್ಲಿ ಕಣ್ಣು ದಾರಿಯ ಮೇಲಿರಬೇಕು, ಬೆರಳಿಗೆ ಗುಂಡಿ ಸಿಗಬೇಕು. ಎಲ್ಲವನ್ನೂ ಪರದೆಗೆ ತಳ್ಳಿದ್ದನ್ನು ನಾನು ಒಪ್ಪಲಾರೆ. ಈ ಚಾಳಿ ಈಗ ಹಳಬರಿಗೂ ಅಂಟಿದೆ.

ಕೆಟ್ಟರೆ ಯಾರು ಗತಿ?

ಎಲೆಕ್ಟ್ರಿಕ್ ಕಾರಿಗೆ ಎಂಜಿನ್ ಆಯಿಲ್ ಇಲ್ಲ, ಗೇರ್‌ಬಾಕ್ಸಿನ ರಗಳೆ ಕಡಿಮೆ, ಸರ್ವಿಸ್ ಖರ್ಚು ಕಡಿಮೆ. ಆದರೆ ಕೆಟ್ಟರೆ ಇಂಡಿ ರಸ್ತೆಯ ಗ್ಯಾರೇಜಿನಲ್ಲಿ ಕೈ ಹಾಕುವಂತಿಲ್ಲ. 400 ವೋಲ್ಟ್ ಪ್ರಾಣ ತೆಗೆಯುವ ಕರೆಂಟು. ತರಬೇತಿ ಪಡೆದವರೇ ಬೇಕು. ಹಗ್ಗ ಕಟ್ಟಿ ಎಳೆಯುವಂತಿಲ್ಲ, ಚಕ್ರ ತಿರುಗಿದರೆ ಮೋಟಾರು ಕರೆಂಟು ಹುಟ್ಟಿಸುತ್ತದೆ. ಲಾರಿಯ ಮೇಲೇರಿಸಿಯೇ ಸಾಗಿಸಬೇಕು. ದುಬಾರಿ ಬ್ರ್ಯಾಂಡಿನ ಕಾರಿಗೆ ನಮ್ಮವರು ನೆಚ್ಚುವುದು ಪುಣೆ, ಹೈದರಾಬಾದ್, ಬೆಂಗಳೂರನ್ನು. ಈ ಮೂರರಲ್ಲಿ ಹತ್ತಿರದ್ದೆಂದರೂ ಮುನ್ನೂರೈವತ್ತು ಕಿಲೋಮೀಟರ್.

ಕಂಪನಿಯೇ ಮುಳುಗಿದರೆ? 2024ರ ಜೂನ್‌ನಲ್ಲಿ ಅಮೆರಿಕದ ಹೊಸ ಕಂಪನಿ ಫಿಸ್ಕರ್ ದಿವಾಳಿಯಾಯಿತು. ಅದರ ‘ಓಷನ್’ ಕಾರು ಕೊಂಡವರು ಬಿಡಿಭಾಗಕ್ಕೂ ಸಾಫ್ಟ್‌ವೇರಿಗೂ ಪರದಾಡಿದರು. ಎಂಜಿನ್ ಕಾರಿನ ಕಂಪನಿ ಮುಚ್ಚಿದರೂ ಮೆಕ್ಯಾನಿಕ್ ಏನಾದರೂ ಮಾಡಿ ಓಡಿಸುತ್ತಾನೆ. ಕಂಪನಿಯ ಸರ್ವರನ್ನು ನೆಚ್ಚಿದ ಕಾರಿಗೆ ಆ ಭಾಗ್ಯವಿಲ್ಲ. ಹಳಬರು ಮುಚ್ಚುವುದಿಲ್ಲ, ಆದರೆ ಕೈಬಿಡುತ್ತಾರೆ. ಜನರಲ್ ಮೋಟಾರ್ಸ್ ತೊಂಬತ್ತರ ದಶಕದಲ್ಲಿ ತಂದ ಇವಿ1 ಎಲೆಕ್ಟ್ರಿಕ್ ಕಾರುಗಳನ್ನು ವಾಪಸು ಪಡೆದು ಬಹುತೇಕ ಎಲ್ಲವನ್ನೂ ಜಜ್ಜಿ ಹಾಕಿತು. ಟಾಟಾ ಒಡೆತನದ ಜಾಗ್ವಾರ್ 2018ರಲ್ಲಿ ಐ-ಪೇಸ್ ತಂದು ಮೆಚ್ಚುಗೆ ಪಡೆದು ಆಮೇಲೆ ನಿಲ್ಲಿಸಿಬಿಟ್ಟಿತು.

ಹಾಗಾಗಿ ಕಾಗದದ ಮೇಲೆ ಬರೆದುಕೊಟ್ಟ ವಾರಂಟಿಯೇ ಆಧಾರ. ಇಕ್ಯೂಎಸ್ ಬ್ಯಾಟರಿಗೆ 10 ವರ್ಷ ಅಥವಾ ಎರಡೂವರೆ ಲಕ್ಷ ಕಿಲೋಮೀಟರ್. ಬಿಎಂಡಬ್ಲ್ಯು, ಟೆಸ್ಲಾಗಳದು 8 ವರ್ಷ.

ನಡುವಿನ ದಾರಿ

ಮೊದಲು ಹೇಳಿದ ರೇವಾದ ಕೊಂಡಿ ಇಲ್ಲಿ ಬೇಕು. ರೇವಾ ಕೊಂಡ ಮಹೀಂದ್ರಾ ಆ ಕಲಿಕೆಯನ್ನು ಮುಂದುವರಿಸಿ 2024ರ ನವೆಂಬರ್ 26ರಂದು ಬಿಇ 6 ಮತ್ತು ಎಕ್ಸ್‌ಇವಿ 9ಇ ಎಂಬ ಎರಡು ಕಾರುಗಳನ್ನು ಹೊರತಂದಿತು. ಆರಂಭಿಕ ಬೆಲೆ 18.90 ಲಕ್ಷ ಮತ್ತು 21.90 ಲಕ್ಷ ರೂಪಾಯಿ. ದೊಡ್ಡ ಬ್ಯಾಟರಿ 79 ಯೂನಿಟ್, ಬಿಸಿ ತಡೆಯುವ ಕಬ್ಬಿಣ-ಫಾಸ್ಫೇಟ್ ಬಗೆಯದ್ದು. ಅದರ ಕೋಶಗಳು ಬಿವೈಡಿಯವು. ತಾಕತ್ತಿನ ಚಾರ್ಜರ್ ಸಿಕ್ಕರೆ ಶೇ 20ರಿಂದ 80ಕ್ಕೆ 20 ನಿಮಿಷ. ಮೊದಲ ಖಾಸಗಿ ಒಡೆಯನಿಗೆ ಬ್ಯಾಟರಿಯ ಮೇಲೆ ಜೀವಿತಾವಧಿ ವಾರಂಟಿ. ಟಾಟಾ 2025ರ ಜೂನ್‌ನಲ್ಲಿ 21.49 ಲಕ್ಷದಿಂದ ಶುರುವಾಗುವ ಹ್ಯಾರಿಯರ್ ಇವಿ ತಂದು ಅಂಥದೇ ಮಾತು ಕೊಟ್ಟಿತು.

ಮಹೀಂದ್ರಾದ ಕಾರೆಂದರೆ ಟ್ರ್ಯಾಕ್ಟರ್ ಮಾರಿ ಈ ಸೀಮೆಯ ಹಳ್ಳಿಹಳ್ಳಿ ಬಲ್ಲ ಕಂಪನಿಯ ಚಾಸಿ, ಹೊಸಬರ ಬ್ಯಾಟರಿ. ಬೆಂಜ್‌ನ ಚರ್ಮದಾಸನ ಇಲ್ಲ, ಟೆಸ್ಲಾದ ಹೆಸರಿಲ್ಲ. ಆದರೆ ಟಿಕೋಟಾದ ತೋಟದಿಂದ ದಿನವೂ ಓಡಾಡಬೇಕಾದ, ಒಂದೇ ಕಾರಿರುವ ಮನೆಗೆ ನಾನು ಧೈರ್ಯವಾಗಿ ಹೇಳುವುದು ಇಂಥದ್ದನ್ನೇ. ಮನೆಯಲ್ಲಿ ಇನ್ನೊಂದು ಡೀಸೆಲ್ ಗಾಡಿ ಇದ್ದು, ಮಕ್ಕಳು ಪುಣೆಯಲ್ಲೋ ಬೆಂಗಳೂರಿನಲ್ಲೋ ನೆಲೆಸಿದ್ದು, ಸುಖವೇ ಮುಖ್ಯವಾದರೆ ಇಲ್ಲೇ ಜೋಡಣೆಯಾಗುವ ಹಳೆ ಕಂಪನಿಯ ಕಾರು. ಪೂರ್ತಿ ಆಮದಾದ ಹೊಸ ಕಂಪನಿಯ ಕಾರನ್ನು ವಿಜಯಪುರಕ್ಕೆ ತರಲು ಇನ್ನೂ ಕೆಲವು ವರ್ಷ ಕಾಯುವುದು ಜಾಣತನ. ಟೆಸ್ಲಾದ ಸ್ವಂತ ಚಾರ್ಜರ್‌ಗಳು ನಮ್ಮ ದೇಶದಲ್ಲಿ ಶುರುವಾದದ್ದೇ ಮುಂಬೈ, ದೆಹಲಿಯ ಸುತ್ತ.

ತೆರಿಗೆ ಮತ್ತು ಸೆಕೆಂಡ್ ಹ್ಯಾಂಡ್ ಗಾಡಿ

ಎಲ್ಲ ಎಲೆಕ್ಟ್ರಿಕ್ ಕಾರಿಗೂ ಜಿಎಸ್‌ಟಿ ಶೇ 5 ಮಾತ್ರ. ಆದರೆ ಪೂರ್ತಿ ಆಮದಾದ ಕಾರಿಗೆ ಶೇ 70ರಿಂದ ಮೇಲೆ ಸುಂಕ ಬೀಳುತ್ತದೆ. 2022ರಲ್ಲಿ ಆಮದಾಗಿ ಬಂದ ಎಎಂಜಿ ಇಕ್ಯೂಎಸ್‌ನ ಬೆಲೆ 2.45 ಕೋಟಿ, ಒಂದು ತಿಂಗಳ ಮೇಲೆ ಚಾಕಣದಲ್ಲಿ ಜೋಡಿಸಿದ ಅದೇ ಮಾಲಿಕೆಯ ತುಸು ಸಾಧಾರಣ ಆವೃತ್ತಿಗೆ 1.55 ಕೋಟಿ. ಬಲದ ವ್ಯತ್ಯಾಸ ಇದ್ದದ್ದು ಹೌದು, ದೊಡ್ಡ ಪಾಲು ಸುಂಕದ್ದು. ಕರ್ನಾಟಕ ಸರಕಾರ 2024ರಲ್ಲಿ 25 ಲಕ್ಷ ರೂಪಾಯಿ ಮೀರಿದ ಎಲೆಕ್ಟ್ರಿಕ್ ಕಾರುಗಳಿಗೆ ಶೇ 10ರಷ್ಟು ಜೀವಿತಾವಧಿ ತೆರಿಗೆ ಹಾಕಿತು. ಅರವತ್ತು ಲಕ್ಷದ ಕಾರಿಗೆ ಆರು ಲಕ್ಷ.

ಈ ತೆರಿಗೆಯ ನೆನಪು ಹೆಚ್ಚು ಬೇಕಾದದ್ದು ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೆ. ನಮ್ಮ ಕಡೆಗೆ ದುಬಾರಿ ಗಾಡಿಗಳು ಬಹಳಷ್ಟು ಬರುವುದು ಪುಣೆ, ಮುಂಬೈಯಲ್ಲಿ ಎರಡು ಮೂರು ವರ್ಷ ಓಡಿದ ಮೇಲೆ. ಎಲೆಕ್ಟ್ರಿಕ್ ಐಷಾರಾಮಿ ಕಾರಿನ ಬೆಲೆ ಡೀಸೆಲ್ಲಿಗಿಂತ ಬೇಗ ಇಳಿಯುತ್ತದೆ, ಹಾಗಾಗಿ ಆಸೆ ಹುಟ್ಟುವುದು ಸಹಜ. ಕೊಳ್ಳುವ ಮೊದಲು ಆ ಕಂಪನಿಯ ಸರ್ವಿಸ್ ಸೆಂಟರಿನಲ್ಲೇ ಬ್ಯಾಟರಿಯ ಆರೋಗ್ಯ ಶೇಕಡಾ ಎಷ್ಟು ಉಳಿದಿದೆ ಎಂದು ಬರೆಸಿಕೊಳ್ಳಬೇಕು. ಡ್ಯಾಶ್‌ಬೋರ್ಡಿನ ಕಿಲೋಮೀಟರ್ ನೋಡಿ ನಂಬಬಾರದು. ಕಾರನ್ನು ಲಿಫ್ಟಿಗೆ ಏರಿಸಿ ಬ್ಯಾಟರಿಯ ತಳದ ತಗಡಿಗೆ ತರಚು, ತಗ್ಗು ಇದೆಯೇ ಎಂದು ಬೆಳಕು ಬಿಟ್ಟು ನೋಡಬೇಕು. ವಾರಂಟಿ ಎರಡನೆಯ ಒಡೆಯನಿಗೆ ಪೂರ್ತಿ ಸಿಗುತ್ತದೆಯೋ ಕಡಿತವಾಗುತ್ತದೆಯೋ ಕೇಳಬೇಕು. ಮಹೀಂದ್ರಾದ ಜೀವಿತಾವಧಿ ವಾರಂಟಿ ಕೈಬದಲಾದರೆ 10 ವರ್ಷ ಅಥವಾ ಎರಡು ಲಕ್ಷ ಕಿಲೋಮೀಟರಿಗೆ ಇಳಿಯುತ್ತದೆ. ಎಂಎಚ್ ನಂಬರನ್ನು ಕೆಎ-28ಕ್ಕೆ ಬದಲಿಸುವಾಗ ನಮ್ಮ ಆರ್‌ಟಿಒ ಕಚೇರಿಯಲ್ಲಿ ಕಾರಿನ ವಯಸ್ಸಿಗೆ ತಕ್ಕ ತೆರಿಗೆ ಕಟ್ಟಬೇಕಾಗುತ್ತದೆ. ಆ ಮೊತ್ತ ಎಷ್ಟೆಂದು ಮೊದಲೇ ವಿಚಾರಿಸಿಕೊಂಡು, ಕಾರಿನ ಬೆಲೆಯಲ್ಲಿ ಅಷ್ಟನ್ನು ಮುರಿದುಕೊಂಡೇ ವ್ಯಾಪಾರಕ್ಕೆ ಕೂರಬೇಕು.